ಬೆಂಗಳೂರು ಅರಮನೆ ಯಾರದ್ದು? ಟಿಕೆಟ್ ಕೌಂಟರ್‌ನಲ್ಲಿ ಹುಟ್ಟಿದ ಪ್ರಶ್ನೆ

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಧಾರವಾಡದ ಕಡೆಯಿಂದ ನೆಂಟರು ಬಂದಿದ್ದರು. ಎಲ್ಲರನ್ನೂ ಕರೆದುಕೊಂಡು ಬೆಂಗಳೂರು ಅರಮನೆ ನೋಡಲು ಹೋಗಿದ್ದೆವು. ಟಿಕೆಟ್ ತಗೊಳ್ಳುವಾಗ ಎಂಟನೇ ಕ್ಲಾಸಿನ ನನ್ನ ಮಗಳು "ಅಪ್ಪಾ, ಈ ದುಡ್ಡು ಸರ್ಕಾರಕ್ಕೆ ಹೋಗುತ್ತಾ, ರಾಜರಿಗೆ ಹೋಗುತ್ತಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಒಬ್ಬರು ಈ ಕಲ್ಲಿನ ಅರಮನೆ ಕಟ್ಟಿಸಿದ್ದು ಒಬ್ಬ ಪಾದ್ರಿ ಅನ್ನುತ್ತಾರೆ, ಇನ್ನೊಬ್ಬರು ಮೈಸೂರು ಮಹಾರಾಜರು ಅನ್ನುತ್ತಾರೆ. ಸರ್ಕಾರ ವಶಕ್ಕೆ ತೆಗೆದುಕೊಂಡಿದೆ ಅಂತಲೂ ಪೇಪರ್‌ನಲ್ಲಿ ಓದಿದ್ದೆ. ಆದರೂ ಅರಮನೆ ಮೈದಾನದಲ್ಲಿ ಮದುವೆ, ಎಕ್ಸಿಬಿಷನ್ ನಡೆಯುತ್ತಲೇ ಇರುತ್ತವೆ. ನಿಜವಾಗಿ ಇದು ಯಾರದ್ದು? ಇನ್ನೊಂದು ಮಾತು. ನಮ್ಮ ಮಾವನವರ ಊರಿನಲ್ಲಿ ಹಳೆಯ ಕಲ್ಲಿನ ವಾಡೆ ಇದೆ. ಅದರ ಮಾಲೀಕತ್ವದ ಚರಿತ್ರೆಯನ್ನೂ ಹೀಗೇ ಹುಡುಕಬಹುದಾ?

ಉತ್ತರ: ನಿಮ್ಮ ಮಗಳಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಟಿಕೆಟ್ ದುಡ್ಡು ಸರ್ಕಾರಕ್ಕೆ ಹೋಗುವುದಿಲ್ಲ. ಅರಮನೆ ಇವತ್ತಿಗೂ ಒಡೆಯರ್ ಮನೆತನದ ಸ್ವಾಧೀನದಲ್ಲಿದೆ. ಜನರಿಗೆ ನೋಡಲು ಬಾಗಿಲು ತೆರೆದಿರುವುದೂ ಅವರೇ. ಆದರೆ 1996ರ ಒಂದು ಕಾನೂನನ್ನು ತೆಗೆದು ಓದಿದರೆ ಅದರಲ್ಲಿ ಈ ಅರಮನೆ, ಸುತ್ತಲಿನ ಜಮೀನು ಎಲ್ಲ ರಾಜ್ಯ ಸರ್ಕಾರದ್ದು ಅಂತಿದೆ. ಸುಪ್ರೀಂ ಕೋರ್ಟ್ ಮಧ್ಯೆ ಬಂದು ಈಗ ಹೇಗಿದೆಯೋ ಹಾಗೇ ಇರಲಿ ಅಂದಿದೆ. ಹಾಗಾಗಿ ನೀವು ಓದಿದ್ದೂ ಸುಳ್ಳಲ್ಲ, ನೀವು ಕಂಡಿದ್ದೂ ಸುಳ್ಳಲ್ಲ.

ಇದು ಹೇಗಾಯಿತು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೂವತ್ತು ವರ್ಷದಿಂದ ಆಸ್ತಿ ಪತ್ರ ಓದುವುದೇ ನನ್ನ ಕೆಲಸ. ಕಟ್ಟಡ ದೊಡ್ಡದಿರಲಿ ಚಿಕ್ಕದಿರಲಿ, ನಾನು ಮೊದಲು ಕೇಳುವುದು ಒಂದೇ. ದುಡ್ಡು ಯಾರ ಪೆಟ್ಟಿಗೆಯಿಂದ ಬಂತು? ಯಾರು ಕಟ್ಟಿಸಿದರು, ಯಾರು ವಾಸ ಇದ್ದರು, ಯಾರ ಹೆಸರಿನ ಫಲಕ ಇದೆ ಅನ್ನುವುದೆಲ್ಲ ಆಮೇಲೆ. ಬೆಂಗಳೂರು ಅರಮನೆಯ ಜಗಳ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

ಪಾದ್ರಿಯ ಕಥೆಯಿಂದ ಶುರು ಮಾಡೋಣ. ಅವರ ಹೆಸರು ರೆವರೆಂಡ್ ಜಾನ್ ಗ್ಯಾರೆಟ್. ವೆಸ್ಲಿಯನ್ ಮಿಷನ್ ಕಡೆಯಿಂದ ಬಂದವರು. ಬೆಂಗಳೂರಿನಲ್ಲಿ ಮಿಷನ್ನಿನ ಛಾಪಖಾನೆ ನೋಡಿಕೊಳ್ಳುತ್ತಿದ್ದರು. 1840ರ ದಶಕದಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಕ್ಕಪಕ್ಕ ಇಟ್ಟು ಅಚ್ಚು ಹಾಕಿಸಿದ ಆಸಾಮಿ. ಇಂಗ್ಲಿಷ್–ಕನ್ನಡ ನಿಘಂಟನ್ನೂ ತಂದರು. ಆಮೇಲೆ ಮಿಷನ್ ಕೆಲಸಕ್ಕಿಂತ ಶಿಕ್ಷಣದ ಕೆಲಸವೇ ಜಾಸ್ತಿಯಾಯಿತು. 1858ರಲ್ಲಿ ಸೆಂಟ್ರಲ್ ಹೈಸ್ಕೂಲ್ ಶುರುವಾಯಿತು, ಅದೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ಆ ಶಾಲೆಯ ಮೊದಲ ಮುಖ್ಯಸ್ಥರು ಇವರೇ. ಕೊನೆಗೆ ಮೈಸೂರು ಸೀಮೆಯ ಶಿಕ್ಷಣ ಇಲಾಖೆಗೇ ಮುಖ್ಯಸ್ಥರಾದರು.

ಅರಮನೆ ಇರುವ ಜಾಗ ಇವರದಾಗಿತ್ತು. 1862 ಅನ್ನುವ ಇಸವಿ ನಿಮಗೆ ಅಲ್ಲಲ್ಲಿ ಕಾಣಸಿಗುತ್ತದಲ್ವಾ, ಅದು ಗ್ಯಾರೆಟ್ ಅವರ ಕಾಲದ್ದು. 1874ರಿಂದ 1878 ಅನ್ನುವುದು ಇನ್ನೊಂದು ಲೆಕ್ಕ. ಅದು ಜಾಗ ರಾಜಮನೆತನಕ್ಕೆ ಬಂದ ಮೇಲೆ ನಡೆದ ಕಟ್ಟಡದ ಕೆಲಸದ್ದು. ಜನ ಈ ಎರಡು ಇಸವಿ ಹಿಡಿದು ಜಗಳ ಆಡುತ್ತಾರೆ. ಜಗಳ ಬೇಕಿಲ್ಲ. ಪಾದ್ರಿ ಶುರು ಮಾಡಿದ್ದು, ಅರಸು ಮನೆತನ ಅರಮನೆ ಮಾಡಿದ್ದು. ನಮ್ಮ ಹಳೇ ಮನೆಗಳಲ್ಲೂ ಹೀಗೇ ಅಲ್ವಾ? ಅಜ್ಜ ಪಡಸಾಲೆ ಕಟ್ಟಿರುತ್ತಾರೆ, ಅಪ್ಪ ಮಹಡಿ ಏರಿಸಿರುತ್ತಾರೆ, ಹೆಸರು ಮಾತ್ರ ಯಾರೋ ಒಬ್ಬರದು ಉಳಿಯುತ್ತದೆ.

ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ನಕಲು ಇದು ಅನ್ನುವ ಮಾತನ್ನು ಗೈಡುಗಳು ತಪ್ಪದೆ ಹೇಳುತ್ತಾರೆ. ಕೇಳಲು ಚೆಂದ, ಅಷ್ಟೇ. ವಿಂಡ್ಸರ್ 11ನೇ ಶತಮಾನದಲ್ಲಿ ಯುದ್ಧಕ್ಕೆ ಅಂತಲೇ ಶುರುವಾದ ಕೋಟೆ. ನಮ್ಮದು ಆ ಕಾಲದ ಇಂಗ್ಲಿಷ್ ಫ್ಯಾಷನ್ನಿನಂತೆ ಬುರುಜು, ತೆನೆ, ಕಮಾನು ಹಚ್ಚಿಕೊಂಡ ದೊಡ್ಡ ವಾಸದ ಮನೆ. ಗೋಡೆ ಮೇಲಿನ ತೆನೆಗಳ ಹಿಂದೆ ನಿಂತು ಯಾರೂ ಬಂದೂಕು ಹಾರಿಸಿದವರಲ್ಲ. ಒಳಗೆ ಹೋದಾಗ ನೆಲ ಅಂತಸ್ತಿನ ತೆರೆದ ಅಂಗಳ ನೋಡಿರಬೇಕು ನೀವು. ಕಣ್ಣು ಕುಕ್ಕುವ ನೀಲಿ ಹೆಂಚುಬಿಲ್ಲೆ ಹಚ್ಚಿದ ಕಲ್ಲಿನ ಆಸನಗಳಿವೆ. ಅಲ್ಲಿ ಐದು ನಿಮಿಷ ಕೂತರೆ ಇದು ಕೋಟೆಯಲ್ಲ, ಸಂಜೆ ಹೊತ್ತು ಗಾಳಿಗೆ ಕೂರುವ ಮನೆ ಅಂತ ಗೊತ್ತಾಗುತ್ತದೆ.

ಈಗ ಮುಖ್ಯವಾದ ವರ್ಷಕ್ಕೆ ಬರೋಣ. 1873. ಗ್ಯಾರೆಟ್ ಆಸ್ತಿ ಮಾರಿದರು. ಬೆಲೆ 40,000 ರೂಪಾಯಿ. ಕೊಂಡವರು ಮೈಸೂರಿನ ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್.

ಇಲ್ಲೇ ಸ್ವಲ್ಪ ನಿಲ್ಲಬೇಕು. ಆ ಮಹಾರಾಜರಿಗೆ ಆಗ ಬರೀ 10 ವರ್ಷ. ಹುಟ್ಟಿದ್ದು 1863ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ್ ಇವರನ್ನು 1865ರಲ್ಲಿ ದತ್ತು ತೆಗೆದುಕೊಂಡರು. ಬ್ರಿಟಿಷರು 1831ರಲ್ಲೇ ಮೈಸೂರಿನ ಆಡಳಿತ ಕಿತ್ತುಕೊಂಡಿದ್ದರು. ದತ್ತುಮಗನಿಗೆ ರಾಜ್ಯ ಕೊಡುವುದೋ ಬೇಡವೋ ಅನ್ನುವುದರಲ್ಲೇ ಎರಡು ವರ್ಷ ಕಳೆಯಿತು. 1867ರಲ್ಲಿ ಲಂಡನ್ನಿನವರು ಒಪ್ಪಿದರು. ಮರುವರ್ಷ ಮುಮ್ಮಡಿಯವರು ತೀರಿಕೊಂಡರು, ಐದು ವರ್ಷದ ಹುಡುಗ ಗದ್ದುಗೆ ಏರಿದ. ರಾಜ್ಯಭಾರ ಬ್ರಿಟಿಷ್ ಕಮಿಷನರ್ ಕೈಯಲ್ಲಿ. ಹುಡುಗನ ಓದು, ಮನೆ, ಖರ್ಚು ಎಲ್ಲ ನೋಡಿಕೊಳ್ಳಲು ಬ್ರಿಟಿಷರೇ ನೇಮಿಸಿದ ಗಾರ್ಡಿಯನ್. ಹುಡುಗ ಬೆಂಗಳೂರಿಗೆ ಬಂದಾಗ ಇರಲು ಒಂದು ಮನೆ ಬೇಕಿತ್ತು. ಹುಡುಕಿ, ಗ್ಯಾರೆಟ್ ಅವರದನ್ನು ಕೊಂಡವರು ಆ ಗಾರ್ಡಿಯನ್ನರು.

ಅಂದರೆ ಇದು "ಮೈನರ್ ಆಸ್ತಿ". ಈಗಲೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಇಂಥ ಪತ್ರ ದಿನಾ ಕಾಣುತ್ತವೆ. "ಮೈನರ್ ಆದ ಇಂಥವರ ಪರವಾಗಿ ಅವರ ಗಾರ್ಡಿಯನ್" ಅಂತ ಶುರುವಾಗುತ್ತವೆ. ನನ್ನ ಕೆಲಸದ ಮೊದಲ ವರ್ಷ ನಾನೇ ಇದರಲ್ಲಿ ಎಡವಿದ್ದೆ. ಚಿಕ್ಕಬಳ್ಳಾಪುರದ ಕಡೆ ನಮ್ಮ ಸಂಬಂಧಿಕರದೇ ಒಂದು ಕಲ್ಲುಕಂಬದ ಮನೆ. ಪತ್ರದ ಮೊದಲ ಸಾಲಲ್ಲಿ ದೊಡ್ಡಪ್ಪನ ಹೆಸರು ಇತ್ತು. ಅವರದೇ ಆಸ್ತಿ ಅಂತ ಬರೆದುಕೊಟ್ಟುಬಿಟ್ಟೆ. ಎರಡನೇ ಸಾಲು ಸರಿಯಾಗಿ ಓದಿದ್ದರೆ ಗೊತ್ತಾಗುತ್ತಿತ್ತು. ದೊಡ್ಡಪ್ಪ ಬರೀ ಗಾರ್ಡಿಯನ್. ಕೊಂಡಿದ್ದು ತಂದೆ ತೀರಿಹೋದ ಅವರ ತಮ್ಮನ ಮಗನಿಗೆ, ಅವನ ತಾಯಿಯ ಒಡವೆ ಮಾರಿದ ದುಡ್ಡಿನಲ್ಲಿ. ಆ ಹುಡುಗ ಅಷ್ಟೊತ್ತಿಗೆ ಅರವತ್ತರ ಮುದುಕನಾಗಿ ನನ್ನೆದುರೇ ಕೂತಿದ್ದರು. "ಏನಪ್ಪಾ, ನನ್ನ ಮನೇನ ನನ್ನ ದೊಡ್ಡಪ್ಪಂಗೆ ಕೊಟ್ಟುಬಿಟ್ಟೆಯಲ್ಲ" ಅಂತ ನಕ್ಕರು. ಅವತ್ತಿನಿಂದ ನಾನು ಸಹಿ ಹಾಕಿದವರ ಹೆಸರಿಗಿಂತ ದುಡ್ಡಿನ ಸಾಲನ್ನು ಮೊದಲು ಹುಡುಕುತ್ತೇನೆ.

ಅರಮನೆ ವಿಷಯದಲ್ಲಿ ಆ ದುಡ್ಡಿನ ಸಾಲು ಹೇಳುವುದು, 40,000 ರೂಪಾಯಿ ಬಂದದ್ದು ಮಹಾರಾಜರ ಸ್ವಂತ ನಿಧಿಯಿಂದ ಅಂತ. ಕಮಿಷನರ್ ಕೈಯಲ್ಲಿದ್ದ ಸೀಮೆಯ ಖಜಾನೆಯಿಂದ ಅಲ್ಲ.

ಸ್ವಂತ ನಿಧಿ ಅಂದರೇನು? ಆಡಳಿತ ಕೈಬಿಟ್ಟು ಹೋದ ಮೇಲೂ ರಾಜಮನೆತನಕ್ಕೆ ವರ್ಷಕ್ಕೆ 1 ಲಕ್ಷ ಸ್ಟಾರ್ ಪಗೋಡ, ರೂಪಾಯಿ ಲೆಕ್ಕದಲ್ಲಿ ಸುಮಾರು ಮೂರೂವರೆ ಲಕ್ಷ, ಜೊತೆಗೆ ಸೀಮೆಯ ನಿವ್ವಳ ಕಂದಾಯದ ಐದರಲ್ಲಿ ಒಂದು ಪಾಲು ಕೊಡಬೇಕು ಅಂತ ಏರ್ಪಾಟಾಗಿತ್ತು. ಅರಮನೆಯ ಖರ್ಚು ನಡೆಯುತ್ತಿದ್ದುದು ಈ ಥರದ ಹಣದಲ್ಲಿ. "ಅದೂ ಜನ ಕೊಟ್ಟ ಕಂದಾಯವೇ ಅಲ್ವಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸರ್ಕಾರದ ಪರ ಮಾತಾಡುವವರು ಇವತ್ತಿಗೂ ಎತ್ತುವ ಮಾತು ಅದೇ. ಆದರೆ ಪತ್ರ ಓದುವವನ ಲೆಕ್ಕ ಬೇರೆ. ಒಬ್ಬ ನೌಕರನ ಸಂಬಳವೂ ಜನರ ತೆರಿಗೆಯಿಂದಲೇ ಬರುತ್ತದೆ. ಸಂಬಳ ಕೈಗೆ ಬಂದ ಮೇಲೆ ಅವನು ಕೊಂಡ ಸೈಟು ಅವನದೇ. ನನಗೆ ಈ ವಾದವೇ ಗಟ್ಟಿ ಅನ್ನಿಸುತ್ತದೆ, ನೈತಿಕವಾಗಿ ಒಂದಿಷ್ಟು ಇರುಸುಮುರುಸು ಇದ್ದರೂ.

ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ತಿಳಿಯಬೇಕಾದರೆ ಅರಮನೆಯಿಂದ ಸ್ವಲ್ಪ ದೂರ ಬನ್ನಿ, ರಾಜಭವನದ ಗೇಟಿನ ಮುಂದೆ ನಿಲ್ಲಿ. ಅದೂ ಒಬ್ಬರ ಸ್ವಂತ ಮನೆಯೇ ಆಗಿತ್ತು. ಕಮಿಷನರ್ ಮಾರ್ಕ್ ಕಬ್ಬನ್ 1840ರ ಸುಮಾರಿಗೆ ತಮಗೋಸ್ಕರ ಕಟ್ಟಿಸಿಕೊಂಡದ್ದು. 1861ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟರು, ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡರು. ಅವರ ಜಾಗಕ್ಕೆ ಬಂದ ಲೆವಿನ್ ಬೌರಿಂಗ್ ಮರುವರ್ಷ ಆ ಮನೆಯನ್ನು 42,500 ರೂಪಾಯಿಗೆ ಕೊಂಡರು. ಖಜಾನೆ ದುಡ್ಡಿನಲ್ಲಿ. ಹಾಗಾಗಿ ಅದು ಸರ್ಕಾರಿ ಬಂಗಲೆಯಾಯಿತು, ಆಮೇಲೆ ರೆಸಿಡೆನ್ಸಿ, ಈಗ ರಾಜ್ಯಪಾಲರ ರಾಜಭವನ. ಅದು ಯಾರದ್ದು ಅಂತ ಯಾರೂ ಕೋರ್ಟಿಗೆ ಹೋಗಿಲ್ಲ. ಹನ್ನೊಂದು ವರ್ಷದ ಅಂತರದಲ್ಲಿ ಎರಡು ಮನೆ, ಬೆಲೆಯೂ ಹತ್ತಿರ ಹತ್ತಿರ ಒಂದೇ, ವ್ಯವಹಾರ ಮಾಡಿದವರು ಎರಡರಲ್ಲೂ ಬ್ರಿಟಿಷ್ ಅಧಿಕಾರಿಗಳೇ. ದುಡ್ಡು ಮಾತ್ರ ಬೇರೆ ಬೇರೆ ಪೆಟ್ಟಿಗೆಯಿಂದ ಬಂತು.

1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ವಾಪಸ್ ಬಂತು. ಅರಮನೆಯ ಸುತ್ತ ಇನ್ನಷ್ಟು ಜಮೀನು ಕೊಂಡು ಸೇರಿಸುತ್ತಾ ಹೋದರು. ಈಗ ನಾವು ಅರಮನೆ ಮೈದಾನ ಅನ್ನುವುದು ಒಂದೇ ಪತ್ರದ ಆಸ್ತಿ ಅಲ್ಲ, ಹಲವು ಕೊಳ್ಳುವಿಕೆಗಳು ಸೇರಿ ಆದದ್ದು. 1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತಾದಲ್ಲಿ ತೀರಿಕೊಂಡರು. ಆಗ ವಾರಸುದಾರರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ವಯಸ್ಸು ಎಷ್ಟು ಗೊತ್ತಾ? ಅದೂ 10! ಈ ಅರಮನೆ ಎರಡು ಸಲ ಹತ್ತು ವರ್ಷದ ಹುಡುಗನ ಆಸ್ತಿಯಾಗಿತ್ತು. ಈ ಸಲ ಬ್ರಿಟಿಷ್ ಗಾರ್ಡಿಯನ್ ಬದಲು ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ 1902ರವರೆಗೆ ರಾಜ್ಯ ನಡೆಸಿದರು. ನಾಲ್ವಡಿಯವರು 1940ರಲ್ಲಿ ತೀರಿಕೊಂಡಾಗ ಮಕ್ಕಳಿರಲಿಲ್ಲ. ತಮ್ಮನ ಮಗ ಜಯಚಾಮರಾಜ ಒಡೆಯರ್ ಬಂದರು.

ಮುಂದಿನ ಮುಖ್ಯ ಕಾಗದ 1950ರದು. ಸಂಸ್ಥಾನಗಳು ಭಾರತಕ್ಕೆ ಸೇರಿದಾಗ ಪ್ರತಿ ರಾಜರ ಜೊತೆಗೂ ಒಂದು ಒಪ್ಪಂದ ಆಯಿತು. ಅಲ್ಲಿಯವರೆಗೆ ರಾಜನ ಆಸ್ತಿ ಯಾವುದು, ರಾಜ್ಯದ ಆಸ್ತಿ ಯಾವುದು ಅನ್ನುವುದು ಎಷ್ಟೋ ಕಡೆ ಕಲಸುಮೇಲೋಗರ. ಒಪ್ಪಂದದ ಜೊತೆ ಪಟ್ಟಿ ಮಾಡಿ ಬೇರೆ ಮಾಡಿದರು. ವಿಧಾನಸೌಧ ಬರುವವರೆಗೆ ಸೆಕ್ರೆಟೇರಿಯೇಟ್ ಇದ್ದ ಅಠಾರಾ ಕಚೇರಿಯಂಥವು ಮೊದಲಿನಿಂದಲೂ ರಾಜ್ಯದವು, ರಾಜ್ಯಕ್ಕೇ ಉಳಿದವು. ಬೆಂಗಳೂರು ಅರಮನೆ ಮಹಾರಾಜರ ಖಾಸಗಿ ಆಸ್ತಿಯ ಪಟ್ಟಿಗೆ ಹೋಯಿತು. ಇದನ್ನು ಭಾರತ ಸರ್ಕಾರವೇ ಒಪ್ಪಿ ಸಹಿ ಹಾಕಿತು. 1873ರ "ಸ್ವಂತ ನಿಧಿ" ಅನ್ನುವ ಮಾತಿಗೆ 77 ವರ್ಷದ ಮೇಲೆ ದೊಡ್ಡ ಮೊಹರು ಬಿದ್ದಂತಾಯಿತು. ಒಡೆಯರ್ ಮನೆತನದ ಕೈಲಿರುವ ಅತಿ ಗಟ್ಟಿ ಕಾಗದ ಇದೇ ಅಂತ ನನ್ನ ಲೆಕ್ಕ.

ಆದರೆ ಪಟ್ಟಿಯಲ್ಲಿ ಆಸ್ತಿ ಇದ್ದರೆ ಸಾಲದು, ಅದನ್ನು ಸಾಕಲು ದುಡ್ಡು ಬೇಕು. ಮೈಸೂರಿನ ಮಹಾರಾಜರಿಗೆ ಭಾರತ ಸರ್ಕಾರದಿಂದ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ (ಪ್ರಿವಿ ಪರ್ಸ್) ಬರುತ್ತಿತ್ತು. 1970ರ ಹೊತ್ತಿಗೆ ಅದು ನಿಲ್ಲುವ ಸೂಚನೆ ಎಲ್ಲರಿಗೂ ಕಾಣುತ್ತಿತ್ತು, 1971ರ ಕೊನೆಯಲ್ಲಿ ಸಂವಿಧಾನ ತಿದ್ದುಪಡಿಯಾಗಿ ನಿಂತೂ ಹೋಯಿತು. ಆ 1970ರಲ್ಲೇ ಜಯಚಾಮರಾಜ ಒಡೆಯರ್ ಅರಮನೆಯನ್ನು ಒಂದು ಖಾಸಗಿ ಹೋಟೆಲ್ ಕಂಪನಿಗೆ ಮಾರಿದರು. ಹೌದು, ಮಾರಿದ್ದರು! ಈ ವಿಷಯ ಬೆಂಗಳೂರಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಎಲ್ಲ ಅಂದುಕೊಂಡಂತೆ ನಡೆದಿದ್ದರೆ ನೀವು ಟಿಕೆಟ್ ಬದಲು ರೂಮ್ ಬುಕ್ ಮಾಡಬೇಕಾಗುತ್ತಿತ್ತೇನೋ. 1974ರಲ್ಲಿ ಅವರು ತೀರಿಕೊಂಡರು. ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಕೋರ್ಟು ಹತ್ತಿದರು. ವರ್ಷಗಟ್ಟಲೆ ಎಳೆದಾಡಿ 1990ರಲ್ಲಿ ರಾಜಿಯಾಗಿ ಅರಮನೆ ಮನೆತನದ ಕೈಗೆ ವಾಪಸ್ ಬಂತು. ಕೆಲವು ಪಾಲು ಜಯಚಾಮರಾಜರ ಹೆಣ್ಣುಮಕ್ಕಳ ಕಡೆಗೂ ಇದೆ. ಅದಕ್ಕೇ ಈಗಿನ ಕೇಸಿನಲ್ಲಿ ಅರ್ಜಿದಾರರು ಒಬ್ಬರಲ್ಲ, ಹಲವರು.

ಮನೆತನದವರಿಗೆ ನೆಮ್ಮದಿ ಸಿಕ್ಕಿದ್ದು ಆರೇ ವರ್ಷ. 1996ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ಅರಮನೆ (ಸ್ವಾಧೀನ ಮತ್ತು ವರ್ಗಾವಣೆ) ಕಾಯ್ದೆ ತಂದಿತು. ಅರಮನೆಯೂ ಸೇರಿ 472 ಎಕರೆ 16 ಗುಂಟೆ ಜಮೀನು ರಾಜ್ಯದ್ದು ಅಂತ ಹೇಳುವ ಕಾಯ್ದೆ ಅದು. ಪರಿಹಾರ 11 ಕೋಟಿ ರೂಪಾಯಿ. ಕಾರಣ ಹೇಳಿದ್ದು ಏನೆಂದರೆ, ಊರಿನ ನಡುವೆ ಉಳಿದಿರುವ ಬಯಲು ಉಳಿಯಬೇಕು, ಪಾರಂಪರಿಕ ಕಟ್ಟಡ ಕಾಪಾಡಬೇಕು. ಕಾರಣ ಕೇಳಿದರೆ ನನಗೂ ಸರಿ ಅನ್ನಿಸುತ್ತದೆ. ಜಯಮಹಲ್‌ನಿಂದ ಮೇಖ್ರಿ ಸರ್ಕಲ್‌ವರೆಗೆ ಒಂದು ಸಲ ಸುತ್ತಿ ಬನ್ನಿ. ಇಷ್ಟು ದೊಡ್ಡ ಮರಗಿಡದ ಜಾಗ ಅಪಾರ್ಟ್‌ಮೆಂಟ್ ಆಗದೆ ಉಳಿದಿರುವುದೇ ಆಶ್ಚರ್ಯ.

ಆದರೆ ಪರಿಹಾರದ ಲೆಕ್ಕ ನೋಡಿ. 11 ಕೋಟಿಯನ್ನು 472 ಎಕರೆಗೆ ಹಂಚಿದರೆ ಎಕರೆಗೆ ಸುಮಾರು 2 ಲಕ್ಷ 33 ಸಾವಿರ. ಗುಂಟೆಗೆ ಆರು ಸಾವಿರವೂ ಇಲ್ಲ. 1996ರಲ್ಲಿ ಆ ಬೆಲೆಗೆ ಬೆಂಗಳೂರಿನ ನಡುಮಧ್ಯೆ ಒಂದು ಗುಂಟೆ ಕೊಡಿಸುವ ಬ್ರೋಕರ್ ಎಲ್ಲಾದರೂ ಸಿಗುತ್ತಿದ್ದನಾ? ಮನೆತನದವರು ಹೈಕೋರ್ಟಿಗೆ ಹೋದರು. 1997ರಲ್ಲಿ ಹೈಕೋರ್ಟ್ ಕಾಯ್ದೆ ಸರಿಯಿದೆ ಅಂದಿತು. ಅಲ್ಲಿಂದ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. 2001ರಲ್ಲಿ ಸುಪ್ರೀಂ ಕೋರ್ಟ್ ಯಥಾಸ್ಥಿತಿ ಕಾಪಾಡಬೇಕು ಅಂತ ಆದೇಶ ಕೊಟ್ಟಿತು. ಕೇಸು ಇನ್ನೂ ಅಲ್ಲೇ ಇದೆ.

ನೀವು ಮೈದಾನದಲ್ಲಿ ಮದುವೆ ಹೇಗೆ ನಡೆಯುತ್ತದೆ ಅಂತ ಕೇಳಿದ್ದಿರಲ್ಲ, ಉತ್ತರ ಈ "ಯಥಾಸ್ಥಿತಿ" ಅನ್ನುವ ಪದದಲ್ಲಿದೆ. ಸ್ವಾಧೀನ ಯಾರದಿತ್ತೋ ಅವರದೇ ಮುಂದುವರಿದಿದೆ. ಶಾಶ್ವತವಾಗಿ ಏನನ್ನೂ ಕಟ್ಟುವಂತಿಲ್ಲ, ಮಾರುವಂತಿಲ್ಲ. ಶಾಮಿಯಾನ ಹಾಕಿ ಮದುವೆ ಮಾಡಿ ಬಿಚ್ಚಿಬಿಡಬಹುದು. ಹಾಗಾಗಿ ಶಾಮಿಯಾನದವರಿಗೆ ಕೈತುಂಬ ಕೆಲಸ. ಈ ನಡುವೆ ಕೆಲವು ಪೆಂಡಾಲ್‌ಗಳು ಎಷ್ಟು ಗಟ್ಟಿಯಾಗಿವೆ ಅಂದರೆ ತಾತ್ಕಾಲಿಕ ಅನ್ನುವ ಮಾತಿಗೆ ಹೊಸ ಅರ್ಥ ಹುಡುಕಬೇಕು, ಅದು ಬೇರೆ ವಿಷಯ.

ಶ್ರೀಕಂಠದತ್ತರು ಅರಮನೆಯನ್ನು ಜನರ ವೀಕ್ಷಣೆಗೆ ತೆರೆದದ್ದು ಕೇಸು ನಡೆಯುತ್ತಿದ್ದಾಗಲೇ, 2000ರ ದಶಕದ ಮಧ್ಯದಲ್ಲಿ. ಅವರು 2013ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅವರ ಪತ್ನಿ ಪ್ರಮೋದಾದೇವಿಯವರು 2015ರಲ್ಲಿ ಯದುವೀರ್ ಅವರನ್ನು ದತ್ತು ತೆಗೆದುಕೊಂಡರು. ದತ್ತುಮಗನಿಗೋಸ್ಕರ ಕೊಂಡ ಮನೆ ನೂರ ನಲವತ್ತು ವರ್ಷದ ಮೇಲೆ ಮತ್ತೆ ದತ್ತುಮಗನ ಕಾಲಕ್ಕೆ ಬಂತು.

ಇತ್ತೀಚಿನ ಗಲಾಟೆ ರಸ್ತೆಯದ್ದು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಅರಮನೆ ಮೈದಾನದ ಅಂಚಿನಲ್ಲಿ ಸುಮಾರು 15 ಎಕರೆ ಬೇಕು. ಜಾಗ ತೆಗೆದುಕೊಂಡರೆ ಮಾಲೀಕರಿಗೆ ದುಡ್ಡಿನ ಬದಲು ಟಿಡಿಆರ್ ಕೊಡುವ ಪದ್ಧತಿ ಇದೆ. ಅಂದರೆ ಬೇರೆ ಕಡೆ ಹೆಚ್ಚುವರಿ ಅಂತಸ್ತು ಕಟ್ಟುವ, ಇಲ್ಲವೇ ಆ ಹಕ್ಕನ್ನು ಮಾರಿಕೊಳ್ಳುವ ಪತ್ರ. ಈಗಿನ ದರಕ್ಕೆ ಲೆಕ್ಕ ಹಾಕಿದರೆ ಅದರ ಬೆಲೆ 3,000 ಕೋಟಿ ದಾಟುತ್ತದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಟಿಡಿಆರ್ ಕೊಡಿ ಅಂತ ಸರ್ಕಾರಕ್ಕೆ ಗದರಿತು. ಸರ್ಕಾರ 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಮಾರ್ಚ್‌ನಲ್ಲಿ ವಿಧಾನಮಂಡಲದಲ್ಲಿ ಮಸೂದೆ ಪಾಸ್ ಮಾಡಿಸಿತು. ರಸ್ತೆ ಅಗಲ ಮಾಡುವುದೋ ಬಿಡುವುದೋ ನಮ್ಮ ತೀರ್ಮಾನ ಅನ್ನುವುದು ಅದರ ತಿರುಳು.

ಸರ್ಕಾರದ ವಾದ ಇಷ್ಟು. 472 ಎಕರೆಯೂ 1996ರಲ್ಲೇ ನಮ್ಮದಾಗಿದೆ, ಎಲ್ಲಕ್ಕೂ ಸೇರಿ ಪರಿಹಾರ 11 ಕೋಟಿ, ಈಗ ಅದರ ಒಂದು ಅಂಚಿಗೆ 3,000 ಕೋಟಿ ಹೇಗೆ ಕೊಡುವುದು? ಮನೆತನದ ವಾದವೂ ಸರಳ. ನಿಮ್ಮದೇ ಆಗಿದ್ದರೆ ನಮ್ಮ ಹತ್ತಿರ ಜಾಗ ಕೇಳಿದ್ದೇಕೆ? ಎರಡೂ ಕಡೆಯವರು ಒಂದೇ ಜಮೀನಿಗೆ ಹೇಳುವ ಬೆಲೆ ನೋಡಿ. ಒಂದು ಲೆಕ್ಕದಲ್ಲಿ ಎಕರೆಗೆ ಎರಡು ಚಿಲ್ಲರೆ ಲಕ್ಷ, ಇನ್ನೊಂದು ಲೆಕ್ಕದಲ್ಲಿ ಎಕರೆಗೆ ಹತ್ತಿರ ಹತ್ತಿರ 200 ಕೋಟಿ. 1996ರ ಕಾಯ್ದೆಯ ಮೇಲೆ ಅಂತಿಮ ತೀರ್ಪು ಬರುವವರೆಗೆ ಈ ಹಗ್ಗಜಗ್ಗಾಟ ನಿಲ್ಲುವುದಿಲ್ಲ.

ನನ್ನನ್ನು ಕೇಳಿದರೆ, 1873ರಿಂದ 1996ರವರೆಗಿನ ಸರಪಳಿಯಲ್ಲಿ ಕೊಂಡಿ ಎಲ್ಲೂ ತಪ್ಪಿಲ್ಲ. ಹಾಗಂತ ಖಾಸಗಿ ಆಸ್ತಿಯನ್ನು ಸರ್ಕಾರ ಸಾರ್ವಜನಿಕ ಕೆಲಸಕ್ಕೆ ತೆಗೆದುಕೊಳ್ಳಲೇಬಾರದು ಅಂತಿಲ್ಲ. ತೆಗೆದುಕೊಳ್ಳುವ ಅಧಿಕಾರ ಇದೆ. ಇಲ್ಲಿ ಉಳಿದಿರುವ ಜಗಳ "ಯಾರದ್ದಾಗಿತ್ತು" ಅನ್ನುವುದಲ್ಲ, "ಎಷ್ಟು ಕೊಟ್ಟು ತೆಗೆದುಕೊಂಡಿರಿ" ಅನ್ನುವುದು. ಪೇಪರ್‌ನಲ್ಲಿ ಇವೆರಡನ್ನೂ ಕಲಸಿ ಬರೆಯುತ್ತಾರೆ. ಓದುವವರಿಗೆ ತಲೆ ಕೆಡುತ್ತದೆ.

ಇನ್ನು ನಿಮ್ಮ ಮಾವನವರ ವಾಡೆ. ಖಂಡಿತ ಹುಡುಕಬಹುದು. ಆದರೆ ಹಿಂದಿನಿಂದ ಮುಂದಕ್ಕೆ ಬರಬೇಡಿ, ಇವತ್ತಿನಿಂದ ಹಿಂದಕ್ಕೆ ಹೋಗಿ. "ನಮ್ಮ ಮುತ್ತಜ್ಜ ಕಟ್ಟಿಸಿದ್ದು" ಅಂತ ಶುರು ಮಾಡಿದವರೆಲ್ಲ ಕಥೆಯಲ್ಲೇ ಸಿಕ್ಕಿಕೊಳ್ಳುತ್ತಾರೆ.

ವಾಡೆ ಊರೊಳಗೆ ಗಾಂವಠಾಣದಲ್ಲಿ, ಅಂದರೆ ಊರಿನ ಮನೆಗಳಿರುವ ಜಾಗದಲ್ಲಿದ್ದರೆ ಹೊಲದ ಹಾಗೆ ಅದಕ್ಕೆ ಉತಾರ (ಪಹಣಿ) ಇರುವುದಿಲ್ಲ. ಪಂಚಾಯಿತಿಯ ತೆರಿಗೆ ರಿಜಿಸ್ಟರಿನಲ್ಲಿ ಹುಡುಕಬೇಕು, ಈಗ ಅದಕ್ಕೆ ಇ-ಸ್ವತ್ತು ಅನ್ನುವ ಆನ್‌ಲೈನ್ ವ್ಯವಸ್ಥೆ ಇದೆ. ಪಟ್ಟಣವಾದರೆ ಸಿಟಿ ಸರ್ವೆ ಆಫೀಸಿನಲ್ಲಿ ಸಿಟಿಎಸ್ ನಂಬರ್ (ಆ ಜಾಗದ ಸಿಟಿ ಸರ್ವೆ ನಂಬರ್) ಹೇಳಿ ಪ್ರಾಪರ್ಟಿ ಕಾರ್ಡ್ ತೆಗೆಸಿ. ಊರು ಧಾರವಾಡದ ಕಡೆಯದಾದರೆ, ಅದು ಹಿಂದೆ ಮುಂಬೈ ಕರ್ನಾಟಕ ಅನ್ನಿಸಿಕೊಂಡಿದ್ದ ಸೀಮೆಯಾದ್ದರಿಂದ ಈ ಕಾರ್ಡು ಚೆನ್ನಾಗಿ ಸಿಗುತ್ತದೆ. ಯಾವ ಡೈರಿಯಿಂದ (ಹೆಸರು ಬದಲಾವಣೆಯ ದಾಖಲೆಯಿಂದ) ಯಾರ ಹೆಸರು ಬಂತು ಅಂತ ಅದರಲ್ಲೇ ಸಾಲಾಗಿ ಇರುತ್ತದೆ, ಬೆಂಗಳೂರಿನವರಿಗೆ ಈ ಭಾಗ್ಯ ಕಡಿಮೆ. ಒಂದು ಎಚ್ಚರಿಕೆ. ಖಾತೆಯಲ್ಲಿ ಹೆಸರಿದೆ ಅಂದರೆ ಮಾಲೀಕ ಅಂತಲ್ಲ, ತೆರಿಗೆ ಕಟ್ಟುವವರು ಅಂತ ಮಾತ್ರ.

ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ., ಅಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಋಣಭಾರ ಪತ್ರ ತೆಗೆಸಿ. ವ್ಯವಹಾರ ಇದ್ದರೆ ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆನ್‌ಲೈನ್ ಸಿಗುತ್ತದೆ. ಅದಕ್ಕಿಂತ ಹಳೆಯದಕ್ಕೆ ಅರ್ಜಿ ಕೊಟ್ಟು ಕೈಯಲ್ಲೇ ಹುಡುಕಿಸಬೇಕು. ಒಂದು ಪತ್ರ ಸಿಕ್ಕರೆ ಅದರೊಳಗೆ ಹಿಂದಿನ ಪತ್ರದ ಸುಳಿವು ಇರುತ್ತದೆ, ಹಾಗೇ ಮೆಟ್ಟಿಲಿಳಿದ ಹಾಗೆ ಇಳಿಯುತ್ತಾ ಹೋಗಿ. ಪ್ರತಿ ಪತ್ರದಲ್ಲೂ ಚೆಕ್ಕುಬಂದಿ ಓದಿ, ನಾಲ್ಕು ದಿಕ್ಕಿಗೆ ಯಾರ ಮನೆ, ಯಾವ ಓಣಿ ಅಂತ. ಮನೆ ನಂಬರ್ ಮೂರು ಸಲ ಬದಲಾಗಿರಬಹುದು. ಪಕ್ಕದ ಗುಡಿ, ಹಿಂದಿನ ಭಾವಿ ಅಲ್ಲೇ ಇರುತ್ತವೆ.

ಮನೆಯೊಳಗೇ ವಾಟ್ನಿ (ಆಸ್ತಿಯ ಪಾಲು) ಆಗಿದ್ದರೆ, ಅದನ್ನು ರಿಜಿಸ್ಟರ್ ಮಾಡಿಸದೆ ಬರೀ ಚೀಟಿ ಬರೆದುಕೊಂಡಿರುವುದು ಜಾಸ್ತಿ. ಅಂಥ ಚೀಟಿ ಯಾವ ಆಫೀಸಿನಲ್ಲೂ ಸಿಗುವುದಿಲ್ಲ. ಈ ಸಲ ಊರಿಗೆ ಹೋದಾಗ ನಿಮ್ಮ ಅತ್ತೆಯವರ ಹತ್ತಿರ ಹಳೇ ಟ್ರಂಕಿನ ಕೀಲಿ ಇಸ್ಕೊಳ್ಳಿ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪತ್ರದಲ್ಲಿ "ಮೈನರ್" ಅಂತ ಕಂಡರೆ, ಕೆಳಗಿನ ಸಾಲು ಬಿಡದೆ ಓದಲು ಹೇಳಿ.